ಫೌಂಡ್ರಿಯ ಲೆಕ್ಕ ನೋಡುವವರಿಗೆ ಆನ್‌ಲೈನ್ ಮಾಸ್ಟರ್ ಡಿಗ್ರಿ ಬೇಕಾ?

ಪ್ರಶ್ನೆ: ಸರ್, ನನಗೆ 31 ವರ್ಷ. ಬೆಳಗಾವಿಯವಳು. ಬಿ.ಕಾಂ. ಮುಗಿಸಿ ಉದ್ಯಮಬಾಗದಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ 8 ವರ್ಷದಿಂದ ಅಕೌಂಟ್ಸ್ ನೋಡುತ್ತಿದ್ದೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಜಾಬ್ ವರ್ಕ್ ಚಲನ್ ಎಲ್ಲ ನನ್ನ ಕೈಯಲ್ಲೇ. ಕಳೆದ ವರ್ಷ ಕಂಪನಿಯಲ್ಲಿ ಖರೀದಿ, ಉತ್ಪಾದನೆ, ಮಾರಾಟ, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಇಆರ್‌ಪಿ ಸಾಫ್ಟ್‌ವೇರ್ ಹಾಕಿದರು. ಪುಣೆಯಿಂದ ಬಂದ ಹುಡುಗರು ಮೂರು ತಿಂಗಳು ಇದ್ದು ಹೋದರು. ಅವರಿಗೆ ನಮ್ಮ ಕೆಲಸ ಅರ್ಥ ಮಾಡಿಸಿದ್ದು ನಾನೇ. ಆದರೆ ಅವರ ಸಂಬಳ ನನ್ನ ಮೂರು ಪಟ್ಟು. ನಾನೂ ಆ ಕಡೆ ಹೋಗಬೇಕು ಅಂತ ಹುಡುಕುತ್ತಾ ಹೋದಾಗ ‘ಬಿಸಿನೆಸ್ ಇನ್ಫರ್ಮ್ಯಾಟಿಕ್ಸ್’ ಅನ್ನುವ ಆನ್‌ಲೈನ್ ಮಾಸ್ಟರ್ ಡಿಗ್ರಿ ಕಣ್ಣಿಗೆ ಬಿತ್ತು. ಒಂದು ಜರ್ಮನಿಯ ಕೋರ್ಸ್, ಇನ್ನೊಂದು ನಮ್ಮ ದೇಶದ್ದೇ ಆನ್‌ಲೈನ್ ಎಂಬಿಎ. ನಂಬರ್ ಕೊಟ್ಟಿದ್ದೇ ತಪ್ಪಾಯಿತು, ದಿನಕ್ಕೆ ನಾಲ್ಕು ಫೋನ್ ಬರುತ್ತವೆ. ಎಂಬಿಎಗೆ 1.8 ಲಕ್ಷ ಫೀಸು, ಇವತ್ತೇ ಸೇರಿದರೆ 30 ಸಾವಿರ ಸ್ಕಾಲರ್‌ಶಿಪ್, ನಾಳೆ ಲಾಸ್ಟ್ ಡೇಟ್ ಅನ್ನುತ್ತಾರೆ. ಮಗಳಿಗೆ 4 ವರ್ಷ. ಮನೆಯವರು ಓದು ಅನ್ನುತ್ತಾರೆ. ಮೈದುನ ಮಾತ್ರ ‘ವೈನಿ, ಆನ್‌ಲೈನ್ ಡಿಗ್ರಿ ಅಂದ್ರ ರೊಕ್ಕಾ ಕೊಟ್ಟು ಕಾಗದಾ ತಗೊಂಡಂಗ, ಯಾರೂ ಕೇಳಂಗಿಲ್ಲ’ ಅನ್ನುತ್ತಾನೆ. ಈ ಡಿಗ್ರಿಗೆ ಬೆಲೆ ಇದೆಯಾ? ಕಾಮರ್ಸ್ ಓದಿದವಳಿಗೆ ಕೋಡಿಂಗ್ ಆಗುತ್ತಾ? ಬೆಳಗಾವಿ ಬಿಡದೆ ಕೆಲಸ ಸಿಗುತ್ತಾ?
– ಹೆಸರು ಬೇಡ, ಬೆಳಗಾವಿ

ಉತ್ತರ:

‘ಅವರಿಗೆ ನಮ್ಮ ಕೆಲಸ ಅರ್ಥ ಮಾಡಿಸಿದ್ದು ನಾನೇ.’ ನಿಮ್ಮ ಪತ್ರದ ಈ ಸಾಲನ್ನು ನಾನು ಎರಡು ಸಲ ಓದಿದೆ. ನೀವು ಸಿಟ್ಟಿನಲ್ಲಿ ಬರೆದಿರಬಹುದು. ಆದರೆ ನೀವು ಓದಬೇಕು ಅಂದುಕೊಂಡಿರುವ ವಿಷಯದ ಅರ್ಧ ಭಾಗ ಅದೇ. ಯಾಕೆ ಅಂತ ಆಮೇಲೆ ಬಿಡಿಸಿ ಹೇಳುತ್ತೇನೆ.

ನಾನು ಹದಿನಾಲ್ಕು ವರ್ಷ ಬೆಳಗಾವಿಯ ಫೌಂಡ್ರಿಗಳಲ್ಲಿ, ಮುಧೋಳ-ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಇಆರ್‌ಪಿ ಹಾಕುವ ಕೆಲಸ ಮಾಡಿದವನು. ಈಗ ಎಂಬಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಅಂದರೆ ನಿಮ್ಮ ಆಫೀಸಿಗೆ ಬಂದು ಹೋದರಲ್ಲ, ಆ ಪುಣೆ ಹುಡುಗರ ಕುರ್ಚಿಯಲ್ಲೂ ಕೂತಿದ್ದೇನೆ, ಮಾಸ್ತರ ಕುರ್ಚಿಯಲ್ಲೂ ಕೂತಿದ್ದೇನೆ.

ಮೊದಲು ಮೈದುನನ ಮಾತು. ಅದು ಪೂರ್ತಿ ಸುಳ್ಳಲ್ಲ, ಹಳೇ ಮಾತು ಅಷ್ಟೇ. ಹದಿನೈದು ಇಪ್ಪತ್ತು ವರ್ಷದ ಹಿಂದೆ ನಮ್ಮ ಕಡೆ ಪ್ರತಿ ಬಸ್ ಸ್ಟ್ಯಾಂಡ್ ಎದುರಿಗೂ ಒಂದು ‘ಸ್ಟಡಿ ಸೆಂಟರ್’ ಇರುತ್ತಿತ್ತು. ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಯಾವುದೋ ದೂರದ ರಾಜ್ಯದ ವಿಶ್ವವಿದ್ಯಾಲಯದ ಬೋರ್ಡು. ಅಲ್ಲಿಂದ ತಂದ ಡಿಗ್ರಿಗಳನ್ನು ನೋಡಿದವರು ಹಾಗೆ ಮಾತಾಡುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಈಗಿನ ನಿಯಮ ಬೇರೆ. 2020ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣಕ್ಕೆ ಒಂದೇ ನಿಯಮಾವಳಿ ತಂದಿತು. ಅನುಮತಿ ಪಡೆದ ವಿಶ್ವವಿದ್ಯಾಲಯದಿಂದ, ಅನುಮತಿ ಪಡೆದ ಕೋರ್ಸನ್ನು ಆನ್‌ಲೈನಿನಲ್ಲಿ ಮಾಡಿದರೆ ಆ ಡಿಗ್ರಿ ಕಾಲೇಜಿಗೆ ಹೋಗಿ ಮಾಡಿದ ಡಿಗ್ರಿಗೆ ಸಮ ಎಂದು ಅದರಲ್ಲೇ ಇದೆ. 2022ರಲ್ಲಿ ಇದನ್ನೇ ಮತ್ತೊಮ್ಮೆ ನೋಟಿಸ್ ಹಾಕಿ ಹೇಳಿದರು. ಫ್ರಾಂಚೈಸಿ ಕೊಟ್ಟು ಕೋರ್ಸ್ ನಡೆಸುವಂತಿಲ್ಲ. ಎಂಜಿನಿಯರಿಂಗ್, ಮೆಡಿಕಲ್, ನರ್ಸಿಂಗ್, ಕಾನೂನು ಇಂಥವನ್ನು ಆನ್‌ಲೈನ್ ಮಾಡುವಂತಿಲ್ಲ. ಎಂಬಿಎ, ಎಂಸಿಎ ಮಾಡಬಹುದು.

ಇಲ್ಲಿ ಜನ ಎಡವುವುದು ‘ಅನುಮತಿ ಪಡೆದ’ ಅನ್ನುವ ಮಾತಿನಲ್ಲಿ. ವಿಶ್ವವಿದ್ಯಾಲಯಕ್ಕೆ ಹೆಸರಿದೆ, ನ್ಯಾಕ್ ಎ ಗ್ರೇಡ್ ಇದೆ, ಅಷ್ಟು ಸಾಲದು. ಯುಜಿಸಿಯ ದೂರಶಿಕ್ಷಣ ಬ್ಯೂರೋದ ವೆಬ್‌ಸೈಟಿಗೆ ಹೋಗಿ ಆ ವಿಶ್ವವಿದ್ಯಾಲಯದ ಹೆಸರು ತೆಗೆಯಿರಿ. ನಿಮ್ಮ ಕೋರ್ಸಿನ ಹೆಸರು ಅಕ್ಷರಕ್ಕೆ ಅಕ್ಷರ ಹಾಗೆಯೇ ಇದೆಯಾ ನೋಡಿ. ಎದುರಿಗೆ ‘ಆನ್‌ಲೈನ್’ ಎಂದಿದೆಯಾ, ‘ಓಡಿಎಲ್’ (ಮುಕ್ತ ಮತ್ತು ದೂರಶಿಕ್ಷಣ) ಎಂದಿದೆಯಾ ನೋಡಿ, ಎರಡೂ ಬೇರೆ. ನೀವು ಸೇರುವ ಸೆಷನ್ನಿಗೆ ಅನುಮತಿ ಇದೆಯಾ ನೋಡಿ. ಹೋದ ವರ್ಷ ಇತ್ತು ಅಂದರೆ ಈ ವರ್ಷ ಇದೆ ಅಂತಲ್ಲ. ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಸಂಸ್ಥೆಯ ಮಾನ್ಯತೆ ನಡುವೆ ಕೆಲವು ವರ್ಷ ನಿಂತು ಹೋಗಿ, ಆ ವರ್ಷಗಳಲ್ಲಿ ಸೇರಿದವರು ಎಷ್ಟು ಓಡಾಡಿದರು ಅನ್ನುವುದು ನಿಮಗೂ ನೆನಪಿರಬಹುದು.

ಇನ್ನೊಂದು. 2024ರಿಂದ ಇಂಥ ಕೋರ್ಸಿಗೆ ಸೇರುವ ಮೊದಲು ವಿದ್ಯಾರ್ಥಿಯೇ ಯುಜಿಸಿ ಪೋರ್ಟಲಿನಲ್ಲಿ ಡಿಇಬಿ ಐಡಿ, ಅಂದರೆ ಆ ದೂರಶಿಕ್ಷಣ ಬ್ಯೂರೋದ ಗುರುತಿನ ನಂಬರ್, ಮಾಡಿಕೊಳ್ಳಬೇಕು. ಅದಕ್ಕೆ ಮೊದಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ನೀವು ಓದಿ ಗಳಿಸಿದ ಕ್ರೆಡಿಟ್ ಜಮಾ ಆಗುವ ಖಾತೆ) ಐಡಿ ಬೇಕು. ಎರಡೂ ಪುಕ್ಕಟೆ. ಮನೆಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಆಗುವ ಕೆಲಸ. ‘ಮೇಡಂ, ಓಟಿಪಿ ಹೇಳಿ, ನಾವೇ ಮಾಡಿ ಕೊಡ್ತೀವಿ’ ಅಂದರೆ ಬೇಡ ಅನ್ನಿ. ಬ್ಯಾಂಕಿನ ಓಟಿಪಿ ಯಾರಿಗೂ ಕೊಡದವರು ಇದನ್ನು ಯಾಕೆ ಕೊಡಬೇಕು, ಅಲ್ವಾ?

ಡಿಗ್ರಿ ಪತ್ರದಲ್ಲಿ ಆನ್‌ಲೈನ್ ಎಂದು ನಮೂದಾಗಿರುತ್ತದೆ. ಮುಚ್ಚಿಡುವಂಥದ್ದೇನೂ ಅಲ್ಲ. ಸರಕಾರಿ ಕೆಲಸಕ್ಕೆ ನಿಯಮದ ಬಲ ಇದೆ. ಖಾಸಗಿ ಕಂಪನಿಯವರು ಅವರಿಗೆ ಸರಿ ಕಂಡಂತೆ ತೂಗುತ್ತಾರೆ. ಹೊಸದಾಗಿ ಕೆಲಸ ಹುಡುಕುವ 22ರ ಹುಡುಗ ಆನ್‌ಲೈನ್ ಡಿಗ್ರಿ ತಂದರೆ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಎಂಟು ವರ್ಷ ಒಂದೇ ಫೌಂಡ್ರಿಯ ಲೆಕ್ಕ ನೋಡಿದವರು ಕೆಲಸ ಮಾಡುತ್ತಲೇ ಓದಿದೆ ಅಂದರೆ ಹಾಗೆ ನೋಡುವುದಿಲ್ಲ. ಇಂಟರ್‌ವ್ಯೂ ತೆಗೆದುಕೊಳ್ಳುವ ಕಡೆ ನಾನೂ ಕೂತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ಹೆಸರಿನ ಗೊಂದಲ. ಬಿಸಿನೆಸ್ ಇನ್ಫರ್ಮ್ಯಾಟಿಕ್ಸ್ ಅನ್ನುವುದು ಜರ್ಮನ್ ಭಾಷಿಕ ದೇಶಗಳಲ್ಲಿ ಬೆಳೆದ ವಿಷಯ. ಅಲ್ಲಿ ‘ವಿರ್ಟ್‌ಶಾಫ್ಟ್ಸ್‌ಇನ್ಫರ್ಮಾಟಿಕ್’ ಅನ್ನುತ್ತಾರೆ. ವ್ಯವಹಾರ ಒಂದು ಕಾಲು, ಕಂಪ್ಯೂಟರ್ ಇನ್ನೊಂದು ಕಾಲು. 1972ರಲ್ಲಿ ಶುರುವಾದ, ಇಆರ್‌ಪಿ ಸಾಫ್ಟ್‌ವೇರ್ ಮಾಡುವ ಎಸ್‌ಎಪಿ ಕಂಪನಿ ಜರ್ಮನಿಯದೇ ಅನ್ನುವುದು ನೆನಪಿದ್ದರೆ ಈ ವಿಷಯ ಅಲ್ಲಿ ಯಾಕೆ ಬೇರೂರಿತು ಅನ್ನುವುದು ಅರ್ಥವಾಗುತ್ತದೆ. ನಮ್ಮಲ್ಲಿ ಈ ಹೆಸರಿನ ಬಳಕೆ ಕಡಿಮೆ. ಡಿಗ್ರಿಯ ಹೆಸರು ಯುಜಿಸಿ ಗೊತ್ತು ಮಾಡಿದ ಪಟ್ಟಿಯಲ್ಲಿ ಇರಬೇಕು. ಹಾಗಾಗಿ ಇಲ್ಲಿ ಸಿಗುವುದು ಎಂಬಿಎ, ಎಂಸಿಎ, ಎಂ.ಎಸ್ಸಿ. ಅದರ ಮುಂದೆ ಇನ್ಫರ್ಮೇಶನ್ ಸಿಸ್ಟಮ್ಸ್, ಬಿಸಿನೆಸ್ ಅನಾಲಿಟಿಕ್ಸ್ ಅಂತ ಸ್ಪೆಷಲೈಸೇಶನ್ ಸೇರಿಸುತ್ತಾರೆ. ಒಳಗಿನ ಸಿಲೆಬಸ್ ನೋಡಿ, ಹೊರಗಿನ ಹೆಸರಿಗೆ ದುಡ್ಡು ಕೊಡಬೇಡಿ.

ಈಗ ವಿಷಯಕ್ಕೆ ಬರೋಣ. ಏನು ಓದಿಸುತ್ತಾರೆ ಅನ್ನುವುದನ್ನು ಸಿಲೆಬಸ್ ಓದಿ ಹೇಳುವುದಕ್ಕಿಂತ ಒಂದು ನಡೆದ ಕಥೆ ಹೇಳುತ್ತೇನೆ. ನಿಮಗಂತೂ ತಕ್ಷಣ ತಿಳಿಯುತ್ತದೆ.

ಬಹಳ ವರ್ಷದ ಹಿಂದೆ ಇಲ್ಲೇ ಒಂದು ಫೌಂಡ್ರಿಯಲ್ಲಿ ಇಆರ್‌ಪಿ ಹಾಕಿದೆವು. ಒಂದನೇ ತಾರೀಕಿಗೆ ಶುರು. ಪೇಢೆ ಹಂಚಿದ್ದೂ ಆಯಿತು. ಎರಡನೇ ವಾರ ಮಾಲೀಕರು ಕರೆದರು. ಸ್ಕ್ರೀನಿನಲ್ಲಿ ಪಿಗ್ ಐರನ್ (ಕರಗಿಸುವ ಕಚ್ಚಾ ಕಬ್ಬಿಣ) ಸ್ಟಾಕ್ ಮೈನಸ್ 11 ಟನ್ ತೋರಿಸುತ್ತಿದೆ. ಕಿಟಕಿಯಿಂದ ನೋಡಿದರೆ ಯಾರ್ಡಿನಲ್ಲಿ ಪಿಗ್ ಐರನ್ ಗುಡ್ಡೆ ಬಿದ್ದಿದೆ. ‘ಇದ್ದದ್ದು ಕಾಣ್ತದ, ಇಲ್ಲದ್ದನ್ನ ನಿಮ್ಮ ಕಂಪ್ಯೂಟರ್ ತೋರಸ್ತದ’ ಅಂದರು. ಎರಡು ರಾತ್ರಿ ಪ್ರೋಗ್ರಾಮ್ ತಡಕಾಡಿದೆವು. ಪ್ರೋಗ್ರಾಮಿನಲ್ಲಿ ತಪ್ಪೇ ಇರಲಿಲ್ಲ.

ತಪ್ಪು ಇದ್ದದ್ದು ‘ಸ್ಕ್ರ್ಯಾಪ್’ ಅನ್ನುವ ಒಂದು ಶಬ್ದದಲ್ಲಿ. ನೂರು ಕೆಜಿ ಕರಗಿಸಿ ಸುರಿದರೆ ನೂರು ಕೆಜಿ ಕಾಸ್ಟಿಂಗ್ ಬರುವುದಿಲ್ಲ. ಅಚ್ಚಿಗೆ ಲೋಹ ಹರಿಯುವ ದಾರಿಯಲ್ಲಿ ಉಳಿದು ಗಟ್ಟಿಯಾದದ್ದನ್ನು ರನ್ನರ್, ರೈಸರ್ ಅಂತ ದೊಡ್ಡ ಪಾಲು ಕತ್ತರಿಸಿ ತೆಗೆಯುತ್ತಾರೆ. ಅದರ ಜೊತೆ ರಿಜೆಕ್ಷನ್ ಪೀಸುಗಳು. ಇವೆಲ್ಲ ಮಾರನೇ ದಿನ ವಾಪಸ್ ಫರ್ನೇಸಿಗೆ ಹೋಗುತ್ತವೆ. ಸಾಫ್ಟ್‌ವೇರ್ ಬರೆದವರ ಪ್ರಕಾರ ಸ್ಕ್ರ್ಯಾಪ್ ಅಂದರೆ ಗುಜರಿಗೆ ಮಾರಿ ಹೋದ ಮಾಲು. ಹಾಗಾಗಿ ವಾಪಸ್ ಬಂದದ್ದನ್ನು ಸ್ಟಾಕಿಗೆ ತೆಗೆದುಕೊಳ್ಳುವ ದಾರಿಯನ್ನೇ ಅವರು ಇಟ್ಟಿರಲಿಲ್ಲ. ಪ್ರತಿ ಹೀಟಿಗೂ, ಅಂದರೆ ಪ್ರತಿ ಸಲ ಕರಗಿಸಿದಾಗಲೂ, ಪೂರ್ತಿ ತೂಕ ಹೊಸ ಪಿಗ್ ಐರನ್ ಬಳಸಿದ ಹಾಗೆ ಲೆಕ್ಕ ಬೀಳುತ್ತಿತ್ತು. ಮೈನಸ್ ಆಗದೆ ಏನಾಗುತ್ತದೆ?

ಇದನ್ನು ಹಿಡಿದದ್ದು ನಾವಲ್ಲ. ಅಲ್ಲಿ ಅಕೌಂಟ್ಸಿನಲ್ಲಿ ಒಬ್ಬರು ಹಿರಿಯರಿದ್ದರು. ಫರ್ನೇಸ್ ಸೂಪರ್‌ವೈಸರ್ ಹತ್ತಿರ ಎಣ್ಣೆ ಕೈ ಹತ್ತಿ ಕಪ್ಪಾದ ಒಂದು ಡೈರಿ ಇರುತ್ತಿತ್ತು. ಪೆನ್ಸಿಲಿನಲ್ಲಿ ಹೀಟ್ ನಂಬರ್, ಪಿಗ್ ಇಷ್ಟು, ಬೋರಿಂಗ್ (ಕಬ್ಬಿಣದ ಚೂರು) ಇಷ್ಟು, ರಿಟರ್ನ್ ಇಷ್ಟು ಅಂತ ಬರೆದಿರುತ್ತಿದ್ದರು. ಈ ಹಿರಿಯರು ತಿಂಗಳಿಗೊಮ್ಮೆ ಆ ಡೈರಿ ತಂದು ಕೈಯಲ್ಲೇ ತಾಳೆ ನೋಡುತ್ತಿದ್ದರು. ಡೈರಿಯ ‘ರಿಟರ್ನ್’ ಕಾಲಮ್ಮಿನ ಮೇಲೆ ಬೆರಳಿಟ್ಟು, ‘ಇದು ನಿಮ್ಮ ಸ್ಕ್ರೀನಿನಾಗ ಎಲ್ಲೈತಿ?’ ಅಂದರು. ನಾನು ಸುಮ್ನೆ ನಿಂತೆ. ತಪ್ಪು ನನ್ನದೇ. ಆಫೀಸಿನ ಫ್ಯಾನ್ ಕೆಳಗೆ ಕೂತು ಫಾರ್ಮ್ ತುಂಬಿಸಿಕೊಂಡಿದ್ದೆ, ಒಂದು ದಿನವೂ ಫರ್ನೇಸ್ ಹತ್ತಿರ ಹೋಗಿರಲಿಲ್ಲ.

ಬಿಸಿನೆಸ್ ಇನ್ಫರ್ಮ್ಯಾಟಿಕ್ಸ್ ಅಂದರೆ ಆ ಡೈರಿಗೂ ಆ ಸ್ಕ್ರೀನಿಗೂ ನಡುವೆ ಇರುವ ಕೆಲಸ. ಡೈರಿಯ ಮಾತು ಸ್ಕ್ರೀನಿಗೆ ತಿಳಿಯುವ ಹಾಗೆ, ಸ್ಕ್ರೀನಿನ ಮಾತು ಡೈರಿ ಬರೆಯುವವನಿಗೆ ತಿಳಿಯುವ ಹಾಗೆ ಮಾಡುವುದು. ಕೆಲಸ ಹೇಗೆ ನಡೆಯುತ್ತದೆ ಎಂದು ಚಿತ್ರ ಬರೆಯುವುದಕ್ಕೆ ಬಿಪಿಎಂಎನ್ ಅನ್ನುವ ಗುರುತುಗಳ ಪದ್ಧತಿ ಇದೆ, ಅದನ್ನು ಕಲಿಸುತ್ತಾರೆ. ಮಾಹಿತಿಯನ್ನು ಯಾವ ಟೇಬಲ್ಲಿನಲ್ಲಿ ಹೇಗೆ ಇಡಬೇಕು ಅನ್ನುವುದು ಡೇಟಾಬೇಸ್. ಇಆರ್‌ಪಿ ಒಳಗೆ ಖರೀದಿ, ಉತ್ಪಾದನೆ, ಮಾರಾಟ, ಲೆಕ್ಕ ಒಂದಕ್ಕೊಂದು ಹೇಗೆ ಕೊಂಡಿ ಹಾಕಿಕೊಂಡಿವೆ ಅನ್ನುವುದು ಇನ್ನೊಂದು ಪೇಪರ್. ಜೊತೆಗೆ ಐಟಿ ಪ್ರಾಜೆಕ್ಟ್ ನಡೆಸುವುದು, ಡೇಟಾ ಅನಾಲಿಸಿಸ್, ಮಾಹಿತಿ ಭದ್ರತೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೊನೆಯದಕ್ಕೆ ಬೆಲೆ ಜಾಸ್ತಿಯಾಗಿದೆ.

ಈಗ ನೀವೇ ನೋಡಿ. ಮಷಿನಿಂಗ್‌ಗೆ ಹೊರಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ ಜಿಎಸ್‌ಟಿಯಲ್ಲಿ ಅದನ್ನು ಮಾರಿದ ಹಾಗೆ ಹಿಡಿಯುತ್ತಾರೆ ಅನ್ನುವುದು ನಿಮಗೆ ಬಾಯಿಪಾಠ. ಹಾಗೆ ಹೊರಗೆ ಕಳಿಸಿದ ಮಾಲಿನ ಲೆಕ್ಕ ಕೊಡುವ ಐಟಿಸಿ-04 ಫಾರ್ಮ್ ತುಂಬುವಾಗ ಯಾವ ಚಲನಿಗೆ ಯಾವ ಪೀಸು ಬಂತು ಎಂದು ತಾಳೆ ಹಾಕಿ ಹಾಕಿ ನಿಮ್ಮ ಕಣ್ಣು ಸವೆದಿರುತ್ತದೆ. ಇದನ್ನೇ ಡೇಟಾಬೇಸ್ ಪಾಠದಲ್ಲಿ ‘ಒಂದು ಚಲನ್, ಹಲವು ರಸೀದಿ’ ಎಂಬ ಸಂಬಂಧವಾಗಿ ಬಿಡಿಸುತ್ತಾರೆ. ಹೊಸ ಹುಡುಗರಿಗೆ ಇದು ಬರೀ ಪಾಠ. ನಿಮಗೆ ದಿನದ ಕೆಲಸ.

ಕೋಡಿಂಗ್ ಬಗ್ಗೆ ನಿಮಗಿರುವ ಹೆದರಿಕೆ ಎಂಬಿಎ ಮಟ್ಟಿಗೆ ಬೇಕಿಲ್ಲ. ಡೇಟಾಬೇಸಿನಿಂದ ಬೇಕಾದ ಮಾಹಿತಿ ಕೇಳಿ ತೆಗೆಯುವ ಭಾಷೆ ಎಸ್‌ಕ್ಯೂಎಲ್ ಬರಬೇಕು. ಎಕ್ಸೆಲಿನಲ್ಲಿ ಫಿಲ್ಟರ್, ವಿಲುಕಪ್, ಪಿವೋಟ್ ಮಾಡುವವರಿಗೆ ಅದು ದೂರದ ನೆಂಟ ಅಲ್ಲ, ಪಕ್ಕದ ಮನೆಯದು. ಅನಾಲಿಟಿಕ್ಸ್ ತಗೊಂಡರೆ ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಇರುತ್ತದೆ. ನನ್ನ ಅನುಭವದಲ್ಲಿ ಕಾಮರ್ಸಿನವರು ಕಷ್ಟಪಡುವುದು ಸ್ಟ್ಯಾಟಿಸ್ಟಿಕ್ಸಿನಲ್ಲಿ. ಇನ್ನೊಂದು ಇಂಗ್ಲಿಷಿನಲ್ಲಿ ಉದ್ದುದ್ದ ಕೇಸ್ ಸ್ಟಡಿ ಬರೆಯುವುದರಲ್ಲಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ಇದೇ ದೊಡ್ಡ ಗುಡ್ಡ. ಎರಡನೇದರಲ್ಲಿ ದಿಬ್ಬ ಆಗುತ್ತದೆ.

ಎಂಸಿಎ ಮಾತು ಬೇರೆ. ಅಲ್ಲಿ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ನಿಜವಾದ ಪ್ರೋಗ್ರಾಮಿಂಗ್ ಇರುತ್ತದೆ. ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಓದಿರಬೇಕು ಅನ್ನುವ ಷರತ್ತೂ ಕೆಲವು ಕಡೆ ಇರುತ್ತದೆ. ನೀವು ಪಿಯುಸಿಯಲ್ಲಿ ಬೇಸಿಕ್ ಮ್ಯಾಥ್ಸ್ ತಗೊಂಡಿದ್ದರೆ ಅದು ನಡೆಯುತ್ತಾ ಅಂತ ಆ ವಿಶ್ವವಿದ್ಯಾಲಯಕ್ಕೆ ಇಮೇಲ್ ಹಾಕಿ ಕೇಳಿ. ಫೋನಿನಲ್ಲಿ ‘ನಡೀತದೆ ಮೇಡಂ’ ಅಂದದ್ದಕ್ಕೆ ಬೆಲೆ ಇಲ್ಲ. ನನ್ನನ್ನು ಕೇಳಿದರೆ, ನಿಮಗೆ ಎಂಸಿಎ ಬೇಡ. ಎಂಟು ವರ್ಷದ ಗಳಿಕೆಯನ್ನು ಬದಿಗಿಟ್ಟು 22ರ ಹುಡುಗರ ಜೊತೆ ಮೊದಲಿಂದ ಓಡಿದ ಹಾಗಾಗುತ್ತದೆ. ವಿಟಿಯು ನಿಮ್ಮ ಊರಲ್ಲೇ ಇದೆ, ಅದರ ಕಾಲೇಜುಗಳಿಂದ ವರ್ಷಾ ವರ್ಷ ಎಷ್ಟು ಹುಡುಗರು ಹೊರಬೀಳುತ್ತಾರೆ ಅಂತ ನಿಮಗೆ ಗೊತ್ತು.

ಸಮಯದ ಲೆಕ್ಕವನ್ನು ಫೋನ್ ಮಾಡುವವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. 20 ಕ್ರೆಡಿಟ್ಟಿನ ಒಂದು ಸೆಮಿಸ್ಟರ್ 600 ಗಂಟೆ. ಆರು ತಿಂಗಳಿಗೆ ಹಂಚಿದರೆ ವಾರಕ್ಕೆ 23 ಗಂಟೆ. ಕೆಲವು ಎಂಬಿಎಗಳಲ್ಲಿ ಇದಕ್ಕಿಂತ ಜಾಸ್ತಿ. ಯುರೋಪಿನ ಎರಡು ವರ್ಷದ ಮಾಸ್ಟರ್ ಡಿಗ್ರಿ 120 ಕ್ರೆಡಿಟ್, ಅಲ್ಲಿ ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ. ಅಂದರೆ 3,000 ಗಂಟೆಗೆ ಕಡಿಮೆ ಇಲ್ಲ. ಎಲ್ಲರೂ ಇಷ್ಟು ಓದುತ್ತಾರಾ? ಇಲ್ಲ. ಆದರೆ ವಾರಕ್ಕೆ 12 ಗಂಟೆಯೂ ಸಿಗದಿದ್ದರೆ ಬರೀ ಪಾಸಾಗುವ ಓದು ಆಗುತ್ತದೆ. ಆಗ ನಿಮ್ಮ ಮೈದುನನ ಮಾತೇ ನಿಜವಾದ ಹಾಗೆ.

ನಿಮ್ಮ ಕ್ಯಾಲೆಂಡರ್ ತೆಗೆದುಕೊಳ್ಳಿ. 11ನೇ ತಾರೀಕು ಜಿಎಸ್‌ಟಿಆರ್-1, 20ಕ್ಕೆ 3ಬಿ. ಮಾರ್ಚ್ ಅಂತೂ ಕೇಳಬೇಡಿ. ಸೆಪ್ಟೆಂಬರಿನಲ್ಲಿ ಆಡಿಟ್. ಇವುಗಳ ಪಕ್ಕದಲ್ಲಿ ಅಸೈನ್‌ಮೆಂಟ್ ಕೊಡುವ ದಿನ, ಪರೀಕ್ಷೆಯ ದಿನ ಬರೆದು ನೋಡಿ. ವಿಜಯಪುರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬರು ಬೆಳಿಗ್ಗೆ ಐದರಿಂದ ಆರೂವರೆ ಅಂತ ಇಟ್ಟುಕೊಂಡಿದ್ದರು. ಆ ಹೊತ್ತಿನಲ್ಲಿ ಚಹಾ ಕೂಡ ಅವರ ಅತ್ತೆಯೇ ಮಾಡುತ್ತಿದ್ದರಂತೆ. ಅವರು ಮುಗಿಸಿದರು. ರಾತ್ರಿ ಮಗು ಮಲಗಿದ ಮೇಲೆ ಓದುತ್ತೇನೆ ಅಂದವರಲ್ಲಿ ಹೆಚ್ಚಿನವರು ಎರಡನೇ ಸೆಮಿಸ್ಟರಿನಲ್ಲಿ ಬಿಟ್ಟದ್ದನ್ನು ನೋಡಿದ್ದೇನೆ. ಮಗುವಿಗಿಂತ ಮೊದಲು ಅಮ್ಮನೇ ಮಲಗಿರುತ್ತಾಳೆ, ಪಾಪ. ನಿಮ್ಮವರು ‘ಓದು’ ಅಂದದ್ದು ಸಂತೋಷ. ಆ ಒಂದೂವರೆ ಗಂಟೆ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಈಗಲೇ ಮಾತಾಡಿಕೊಳ್ಳಿ.

ದುಡ್ಡಿನ ವಿಷಯ. ನಿಮಗೆ ಫೋನ್ ಮಾಡುವವರು ಹೆಚ್ಚಿನ ಸಲ ವಿಶ್ವವಿದ್ಯಾಲಯದ ನೌಕರರಲ್ಲ. ತಿಂಗಳಿಗೆ ಇಷ್ಟು ಅಡ್ಮಿಶನ್ ತರಬೇಕು ಎಂಬ ಟಾರ್ಗೆಟ್ ಇರುವ ಹುಡುಗ ಹುಡುಗಿಯರು. ಬೈಯಬೇಡಿ, ಆದರೆ ಅವರ ಆತುರವನ್ನು ನಿಮ್ಮದು ಮಾಡಿಕೊಳ್ಳಬೇಡಿ. ‘ನೋ ಕಾಸ್ಟ್ ಇಎಂಐ’ ಅಂತ ಹೇಳಿಯೇ ಹೇಳುತ್ತಾರೆ. ಅದು ಕಂತಿನಲ್ಲಿ ಕಟ್ಟುವ ಫೀಸಲ್ಲ, ನಿಮ್ಮ ಹೆಸರಿನಲ್ಲಿ ಒಂದು ಫೈನಾನ್ಸ್ ಕಂಪನಿ ಕೊಡುವ ಸಾಲ. ನೀವು ಮೂರು ತಿಂಗಳಿಗೆ ಓದು ಬಿಟ್ಟರೂ ಸಾಲ ಬಿಡುವುದಿಲ್ಲ. ಕಂತು ತಪ್ಪಿದರೆ ಬ್ಯಾಂಕುಗಳು ಸಾಲ ಕೊಡುವ ಮೊದಲು ನೋಡುವ ಸಿಬಿಲ್ ಸ್ಕೋರ್ ಬೀಳುತ್ತದೆ, ನಾಳೆ ಮನೆ ಸಾಲಕ್ಕೆ ಹೋದಾಗ ಅಡ್ಡ ಬರುತ್ತದೆ. ‘ಎಜುಕೇಶನ್ ಲೋನ್ ಬಡ್ಡಿಗೆ ಟ್ಯಾಕ್ಸ್ ಉಳಿಯುತ್ತದೆ’ ಅಂದರೆ, ಆ ರಿಯಾಯಿತಿ ಹಳೇ ಟ್ಯಾಕ್ಸ್ ಪದ್ಧತಿಯವರಿಗೆ ಮಾತ್ರ. ಇದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ನಿಮಗೆ ಫೋನ್ ಮಾಡುವವರಿಗೆ ಒಂದು ಇಮೇಲ್ ಬರೆದು ಕೇಳಿ. ಪರೀಕ್ಷೆ ಫೀಸು, ನೋಂದಣಿ ಎಲ್ಲ ಸೇರಿ ಒಟ್ಟು ಎಷ್ಟು? ಫೇಲಾದರೆ ಪೇಪರಿಗೆ ಎಷ್ಟು? ಬಿಟ್ಟರೆ ಯಾವ ದಿನದವರೆಗೆ ಎಷ್ಟು ವಾಪಸ್? ಪರೀಕ್ಷೆ ಮನೆಯಲ್ಲಾ, ಸೆಂಟರಿನಲ್ಲಾ? ಇಆರ್‌ಪಿ ಕಲಿಸುತ್ತೇವೆ ಅನ್ನುತ್ತೀರಿ, ನಿಜವಾದ ಸಿಸ್ಟಮ್ಮಿನಲ್ಲಿ ಲಾಗಿನ್ ಕೊಡುತ್ತೀರಾ, ಬರೀ ವೀಡಿಯೋ ತೋರಿಸುತ್ತೀರಾ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದಲೇ ಅರ್ಧ ನಿರ್ಧಾರ ಆಗುತ್ತದೆ. ಮತ್ತೆ, ದುಡ್ಡು ಕಟ್ಟುವುದಾದರೆ ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ.

ಜರ್ಮನಿ ಕೋರ್ಸಿನ ಬಗ್ಗೆ ಹೆಚ್ಚು ಎಳೆಯುವುದಿಲ್ಲ. ಅಲ್ಲಿನ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಪಾಠ ನಿಜಕ್ಕೂ ಗಟ್ಟಿ. ಆದರೆ ಇಲ್ಲಿ ಕೂತು ಮಾಡಿದ ಆನ್‌ಲೈನ್ ಡಿಗ್ರಿಯಿಂದ ವೀಸಾ ಬರುವುದಿಲ್ಲ. ಅಲ್ಲೇ ಹೋಗಿ ಓದಿ ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳು ಉಳಿಯಲು ಬಿಡುತ್ತಾರಲ್ಲ, ಆ ಸೌಲಭ್ಯ ನಿಮಗೆ ಸಿಗುವುದಿಲ್ಲ. ಇಲ್ಲಿ ಸರಕಾರಿ ಕೆಲಸಕ್ಕೋ ಪಿಎಚ್‌ಡಿಗೋ ಬಳಸುವುದಾದರೆ ಸಮಾನತೆ ಪ್ರಮಾಣಪತ್ರದ ತಲೆನೋವು ಬೇರೆ. ಇಲ್ಲಿನ ಎಡ್‌ಟೆಕ್ ಕಂಪನಿ ನಡುವೆ ನಿಂತು ‘ವಿದೇಶಿ ಡಿಗ್ರಿ’ ಮಾರುತ್ತಿದ್ದರೆ ಇನ್ನೂ ಎಚ್ಚರ. ಯುಜಿಸಿ ಮಾನ್ಯ ಮಾಡದ ವಿದೇಶಿ ಸಂಸ್ಥೆಗಳ ಜೊತೆ ಸೇರಿ ಹೀಗೆ ಕೊಡುವ ಡಿಗ್ರಿಗಳಿಗೆ ಬೆಲೆ ಇಲ್ಲ ಎಂದು ಯುಜಿಸಿ 2023ರ ಡಿಸೆಂಬರಿನಲ್ಲೇ ನೋಟಿಸ್ ಹಾಕಿದೆ. ನಿಮಗೆ ಬೆಳಗಾವಿ ಬಿಡುವ ಮನಸ್ಸಿಲ್ಲ. ಹಾಗಾದರೆ ಇದನ್ನು ಬಿಡಿ.

ಉಳಿದ ದಾರಿಗಳು. ನಿಮ್ಮ 1.8 ಲಕ್ಷದ ಖಾಸಗಿ ಎಂಬಿಎ ಒಂದು. ವೆಬ್‌ಸೈಟ್ ಚೆಂದ, ಆ್ಯಪ್ ಚೆಂದ, ಕೇಳಿದ್ದಕ್ಕೆ ಬೇಗ ಉತ್ತರ ಕೊಡುತ್ತಾರೆ. ‘ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಅನ್ನುವುದನ್ನು ಮಾತ್ರ ನಂಬಿ ಕೂರಬೇಡಿ. ಅಸಿಸ್ಟೆನ್ಸ್ ಅಂದರೆ ಕೆಲಸ ಅಲ್ಲ. ಇಗ್ನೋ ಎಂಬಿಎ ಇನ್ನೊಂದು. ಫೀಸು ನೀವು ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ವಿಜಯಪುರದಲ್ಲೇ ಪ್ರಾದೇಶಿಕ ಕೇಂದ್ರ ಇದೆ, ಏನಾದರೂ ಸಿಕ್ಕಿಹಾಕಿಕೊಂಡರೆ ಬಸ್ ಹತ್ತಿ ಹೋಗಿ ಕೇಳಬಹುದು. ತೊಂದರೆ ಏನೆಂದರೆ ಅಲ್ಲಿ ಯಾರೂ ಬೆನ್ನು ಹತ್ತುವುದಿಲ್ಲ. ನೀವೇ ಓದಬೇಕು, ನೀವೇ ತಾರೀಕು ನೆನಪಿಡಬೇಕು. ರಿಟರ್ನ್ ತಾರೀಕು ಎಂಟು ವರ್ಷ ತಪ್ಪಿಸದವರಿಗೆ ಅದು ಆಗುತ್ತದೆ ಅಂತ ನನ್ನ ನಂಬಿಕೆ.

ಮೂರನೇದು, ಡಿಗ್ರಿ ಬಿಟ್ಟು ಎಸ್‌ಎಪಿ ಕೋರ್ಸ್ ಮಾಡುವುದು. ಅದರಲ್ಲಿ ಫೈನಾನ್ಸ್ ಮಾಡ್ಯೂಲ್ ನಿಮಗೆ ಹೇಳಿ ಮಾಡಿಸಿದ್ದು. ಪುಣೆ, ಬೆಂಗಳೂರಿನಲ್ಲಿ ಕಲಿಸುವವರು ಗಲ್ಲಿಗೊಬ್ಬರಿದ್ದಾರೆ. ಆದರೆ ಅವರಲ್ಲಿ ಕೆಲವರು ‘ಮೂರು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್ ಕೊಡಿಸ್ತೀವಿ’ ಅನ್ನುತ್ತಾರೆ. ಅದು ಸುಳ್ಳು ಪತ್ರ. ಕಂಪನಿಗಳು ಈಗ ಪಿಎಫ್ ದಾಖಲೆ ತೆಗೆದು ನೋಡುತ್ತವೆ. ನಿಮಗೆ ಎಂಟು ವರ್ಷದ ನಿಜವಾದ ಅನುಭವ ಇದೆ, ಸುಳ್ಳಿನ ಹಂಗೇ ಬೇಡ.

ನಾಲ್ಕನೇದನ್ನು ಯಾರೂ ಮಾರುವುದಿಲ್ಲ, ಅದಕ್ಕೇ ಯಾರೂ ಫೋನ್ ಮಾಡುವುದಿಲ್ಲ. ಐಐಟಿಗಳ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳು ಸರಕಾರದ ‘ಸ್ವಯಂ’ ಪೋರ್ಟಲಿನಲ್ಲಿ ಪುಕ್ಕಟೆ ಸಿಗುತ್ತವೆ. ಡೇಟಾಬೇಸ್ ಕೋರ್ಸ್ ಐಐಟಿ ಖರಗಪುರದವರದ್ದಿದೆ, 8 ವಾರ. ಪರೀಕ್ಷೆ ಬರೆಯಬೇಕು ಅಂದರೆ ಮಾತ್ರ 1,000 ರೂಪಾಯಿ. ಎಂಟು ವಾರ ಬೆಳಿಗ್ಗೆ ಎದ್ದು ಕೂರಲು ಆಗುತ್ತದಾ, ವಿಷಯ ಹಿಡಿಸುತ್ತದಾ ಅನ್ನುವುದು ಒಂದು ಸಾವಿರದಲ್ಲೇ ಗೊತ್ತಾಗಿಬಿಡುತ್ತದೆ. ಇದರ ದೋಷ ಇಷ್ಟೇ: ಇದು ಡಿಗ್ರಿ ಅಲ್ಲ. ‘ಪೋಸ್ಟ್ ಗ್ರಾಜುಯೇಟ್ ಬೇಕು’ ಎಂದು ಜಾಹೀರಾತು ಹಾಕುವ ಕಡೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ.

ಬೆಳಗಾವಿ ಬಿಡದೆ ಕೆಲಸ ಸಿಗುತ್ತಾ ಅಂದಿರಿ. ಪುಣೆ ಹುಡುಗರ ಸಂಬಳವನ್ನು ನೋಡಿದಿರಿ, ಅವರ ಸೂಟ್‌ಕೇಸನ್ನೂ ನೋಡಬೇಕಿತ್ತು. ಮೂರು ತಿಂಗಳು ನಿಮ್ಮಲ್ಲಿ, ಆಮೇಲೆ ಇನ್ಯಾವುದೋ ಊರು. ಕನ್ಸಲ್ಟೆಂಟ್ ಬದುಕು ಅಂದರೆ ಲಾಡ್ಜಿನ ಬದುಕು, ನಾನು ಬಾಳಿದ್ದೇನೆ. 4 ವರ್ಷದ ಮಗಳನ್ನು ಬಿಟ್ಟು ಅದು ಬೇಡ ಅನ್ನುವುದಾದರೆ ಕಂಪನಿಯ ಒಳಗಿನ ಕೆಲಸ ಹುಡುಕಿ. ಇಆರ್‌ಪಿ ಹಾಕಿದ ಪ್ರತಿ ಕಂಪನಿಗೂ ಹಾಕಿದವರು ಹೋದ ಮೇಲೆ ಅದನ್ನು ನಡೆಸುವವರು ಬೇಕು. ಉದ್ಯಮಬಾಗದ ಮಷಿನ್ ಶಾಪುಗಳು, ಹತ್ತರಗಿಯ ಏರೋಸ್ಪೇಸ್ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ), ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು, ಆಚೆ ಕೊಲ್ಹಾಪುರ, ಈಚೆ ಹುಬ್ಬಳ್ಳಿ. ಸಂಬಳ ಮೂರು ಪಟ್ಟು ಆಗುವುದಿಲ್ಲ. ರಾತ್ರಿ ಮನೆಗೆ ಬರುತ್ತೀರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಸೆಷನ್ನಿಗೆ ಎಲ್ಲೂ ದುಡ್ಡು ಕಟ್ಟುತ್ತಿರಲಿಲ್ಲ. ಮೊದಲು ಆ ಡೇಟಾಬೇಸ್ ಕೋರ್ಸಿಗೆ ಹೆಸರು ಹಚ್ಚುತ್ತಿದ್ದೆ. ಜೊತೆಗೆ ಮಾಲೀಕರ ಹತ್ತಿರ ಹೋಗಿ, ‘ಸಾಹೇಬರೆ, ಇಆರ್‌ಪಿ ಪ್ರಶ್ನೆ ಬಂದರೆ ಎಲ್ಲರೂ ನನ್ನ ಹತ್ತಿರವೇ ಬರುತ್ತಾರೆ, ಅದನ್ನು ಕಾಗದದ ಮೇಲೆ ಕೊಡಿ’ ಅಂತ ಕೇಳುತ್ತಿದ್ದೆ. ಇಆರ್‌ಪಿ ಕೋಆರ್ಡಿನೇಟರ್ ಅಂತ ಒಂದು ಪತ್ರ ಸಿಕ್ಕರೂ ಮುಂದೆ ಅದಕ್ಕೆ ಡಿಗ್ರಿಯಷ್ಟೇ ತೂಕ. ಎಂಟು ವಾರ ತಡೆದುಕೊಂಡು ಓದಿದರೆ ಆಮೇಲಿನ ಸೆಷನ್ನಿಗೆ ಕಡಿಮೆ ಫೀಸಿನ ಆನ್‌ಲೈನ್ ಎಂಬಿಎ ಸೇರುತ್ತಿದ್ದೆ. ಅರ್ಧ ಫೀಸು ಕಂಪನಿ ಕೊಡಲಿ ಎಂದೂ ಕೇಳುತ್ತಿದ್ದೆ. ಕೇಳುವುದಕ್ಕೆ ಏನು ಖರ್ಚು? ಒಂದು ವೇಳೆ ನಿಮ್ಮ ಕಣ್ಣು ಬೇಗ ಕೆಲಸ ಬದಲಿಸುವುದರ ಮೇಲಿದ್ದರೆ, ಡಿಗ್ರಿ ಇಲ್ಲ ಅಂತಲೇ ಎರಡು ಕಡೆ ಅರ್ಜಿ ತಿರುಗಿ ಬಂದಿದ್ದರೆ, ಆಗ ಕಾಯಬೇಡಿ, ಈಗಲೇ ಸೇರಿ. ಆದರೂ 1.8 ಲಕ್ಷದ್ದಕ್ಕೆ ಅಲ್ಲ.

‘ನಾಳೆ ಲಾಸ್ಟ್ ಡೇಟ್’ ಅನ್ನುವುದಕ್ಕೆ ಹೆದರಬೇಡಿ. ಈ ಕೋರ್ಸುಗಳಿಗೆ ವರ್ಷಕ್ಕೆ ಎರಡು ಸಲ ಸೇರಬಹುದು, ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ.

ಈ ಭಾನುವಾರ ಒಂದು ಕೆಲಸ ಮಾಡಿ. ಮಗಳ ಡ್ರಾಯಿಂಗ್ ಪುಸ್ತಕದಿಂದ ಒಂದು ದೊಡ್ಡ ಹಾಳೆ ಹರಿದುಕೊಳ್ಳಿ. ಪಿಗ್ ಐರನ್ ಲಾರಿ ಗೇಟಿಗೆ ಬಂದಲ್ಲಿಂದ ಗಿರಾಕಿಗೆ ಇನ್‌ವಾಯ್ಸ್ ಹೋಗುವವರೆಗೆ ನಿಮ್ಮ ಫೌಂಡ್ರಿಯಲ್ಲಿ ಏನೇನು ಆಗುತ್ತದೆ ಅಂತ ಚೌಕ ಹಾಕಿ, ಬಾಣ ಹಾಕಿ ಬರೆಯಿರಿ. ಯಾವ ಹೆಜ್ಜೆ ಸ್ಕ್ರೀನಿನಲ್ಲಿದೆ, ಯಾವುದು ಇನ್ನೂ ಯಾರದೋ ಡೈರಿಯಲ್ಲೇ ಇದೆ ಅನ್ನುವುದಕ್ಕೆ ಬೇರೆ ಬೇರೆ ಬಣ್ಣ ಹಚ್ಚಿ. ಅದರ ಫೋಟೋ ತೆಗೆದು ನನಗೆ ಕಳಿಸಿ. ಯಾವ ಸ್ಪೆಷಲೈಸೇಶನ್ ತಗೊಳ್ಳಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ. ರನ್ನರ್-ರೈಸರ್ ವಾಪಸ್ ಫರ್ನೇಸಿಗೆ ಹೋಗುವ ಬಾಣ ಮಾತ್ರ ಮರೆಯಬೇಡಿ.